ಮಳೆಗಾಲದ ತಾರಸಿಗೆ ಯಾವುದು? ನಾಲ್ಕು ದೂರದರ್ಶಕ, ಒಂದು ತಗಡಿನ ಹಾರ್ನ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನಲ್ಲಿ ಆಕಾಶ ಪೂರ್ತಿ ತೆರೆದುಕೊಳ್ಳುವ ರಾತ್ರಿಗಳು ತೀರಾ ಕಡಿಮೆ. ಕೆಲವು ರಾತ್ರಿ ಮೋಡ ಸರಿದು ಹತ್ತು-ಇಪ್ಪತ್ತು ನಿಮಿಷ ನಾಲ್ಕು ನಕ್ಷತ್ರ ಕಾಣಿಸಿಕೊಳ್ಳುತ್ತವೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಉಳಿದ ರಾತ್ರಿಗಳಲ್ಲಿ ಬೆಳಗಿನವರೆಗೂ ಏನೂ ಇಲ್ಲ. ಈ ಎರಡಕ್ಕೂ ಬೇಕಾದ ಸಾಧನ ಬೇರೆ ಬೇರೆ. ಒಂದೇ ತಾರಸಿಯಲ್ಲಿ ಅವನ್ನು ಬಳಸಿ ನೋಡಿದ ಮೇಲೆ ಮಾಡಿದ ಹೋಲಿಕೆ ಇದು.

ಮೋಡದ ಸಂದಿಗೆ

ಇಲ್ಲಿ ಲೆಕ್ಕಕ್ಕೆ ಬರುವುದು ಎರಡು: ಉಪಕರಣ ಎಷ್ಟು ಬೇಗ ಹೊರಗಿನ ತಾಪಕ್ಕೆ ಇಳಿಯುತ್ತದೆ, ಎಷ್ಟು ಅಗಲದ ಆಕಾಶ ತೋರಿಸುತ್ತದೆ.

8 ಇಂಚಿನ ಡಾಬ್ಸೋನಿಯನ್‌ನ (ತಗ್ಗಿನ ಪೀಠದ ಮೇಲೆ ತಿರುಗುವ ಕನ್ನಡಿ ದೂರದರ್ಶಕ) ದಪ್ಪ ಕನ್ನಡಿ ಮನೆಯೊಳಗಿನ ಬಿಸಿ ಬಿಡಲು ಅರ್ಧ ಗಂಟೆಯಾದರೂ ಬೇಕು. ಅಲ್ಲಿಯವರೆಗೆ ಕನ್ನಡಿಯ ಮೇಲಿನ ಬಿಸಿಗಾಳಿ ಕದಲುತ್ತಲೇ ಇದ್ದು, ಗ್ರಹದ ಅಂಚು ಕುದಿಯುವ ನೀರಿನಲ್ಲಿ ನೋಡಿದ ಹಾಗೆ ಕಾಣುತ್ತದೆ. ಅಷ್ಟರಲ್ಲಿ ಸಂದಿ ಮುಚ್ಚಿರುತ್ತದೆ. ತಾರಸಿಯ ಮೆಟ್ಟಿಲ ಕೋಣೆಯಲ್ಲಿ ಸಂಜೆಯಿಂದಲೇ ಇಟ್ಟಿದ್ದರೆ ಮಾತು ಬೇರೆ. ಆಗ ಶನಿ, ಗುರು ತೋರಿಸುವುದರಲ್ಲಿ ಇದರ ಮುಂದೆ ಉಳಿದವು ನಿಲ್ಲವು. ಆದರೆ ಹನಿ ಬಿದ್ದ ಕೂಡಲೇ ಒಳಗೆ ಎಳೆಯಲು ಇನ್ನೊಬ್ಬರು ಜೊತೆಗಿರಬೇಕು.

90 ಮಿ.ಮೀ. ಮಕ್ಸುತೋವ್ (ಮುಂದೆ ಗಾಜು, ಹಿಂದೆ ಕನ್ನಡಿ ಇರುವ ಗಿಡ್ಡ ದೂರದರ್ಶಕ) ಗಾತ್ರದಲ್ಲಿ ಪುಟ್ಟದು, ಹಾಗಾಗಿ ಇದೇ ಸರಿ ಎಂದು ತುಂಬ ಜನ ಕೊಳ್ಳುತ್ತಾರೆ. ಮಳೆಗಾಲಕ್ಕೆ ಇದು ಹೊಂದುವುದಿಲ್ಲ. ಮುಚ್ಚಿದ ಕೊಳವೆಯಾದ್ದರಿಂದ ತಣ್ಣಗಾಗಲು 25-30 ನಿಮಿಷ ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. 1250 ಮಿ.ಮೀ. ನಾಭಿದೂರಕ್ಕೆ 25 ಮಿ.ಮೀ. ಐಪೀಸ್ (ಕಣ್ಣಿಡುವ ಮಸೂರ) ಹಾಕಿದರೆ 50 ಪಟ್ಟು ವರ್ಧನೆ, ಕಾಣುವುದು ಒಂದು ಡಿಗ್ರಿ ಆಕಾಶ. ನಕ್ಷತ್ರದಿಂದ ನಕ್ಷತ್ರಕ್ಕೆ ದಾಟುತ್ತಾ ಗುರಿ ಹುಡುಕೋಣವೆಂದರೆ ದಾರಿ ತೋರಿಸುವ ನಕ್ಷತ್ರಗಳೇ ಮೋಡದ ಹಿಂದೆ ಇರುತ್ತವೆ.

80 ಮಿ.ಮೀ., ಎಫ್/5 (ನಾಭಿದೂರ 400 ಮಿ.ಮೀ.) ರಿಫ್ರ್ಯಾಕ್ಟರ್‌ನಲ್ಲಿ, ಅಂದರೆ ಮಸೂರದ ದೂರದರ್ಶಕದಲ್ಲಿ, ಅದೇ ಐಪೀಸ್ 16 ಪಟ್ಟು ವರ್ಧನೆ, ಮೂರು ಡಿಗ್ರಿ ಆಕಾಶ ಕೊಡುತ್ತದೆ. ಕಣ್ಣಿಗೆ ಕಂಡ ನಕ್ಷತ್ರದತ್ತ ತಿರುಗಿಸಿದರೆ ಸಾಕು, ಸಿಕ್ಕೇ ಸಿಗುತ್ತದೆ. ಐದರಿಂದ ಹತ್ತು ನಿಮಿಷದಲ್ಲಿ ತಣ್ಣಗಾಗುತ್ತದೆ, ಸ್ಟ್ಯಾಂಡ್ ಸಮೇತ ಒಂದೇ ಕೈಯಲ್ಲಿ ಎತ್ತಬಹುದು. ಚಂದ್ರನ ಅಂಚಿಗೆ ನೇರಳೆ ಬಣ್ಣ ಹತ್ತುವುದು ಇದರ ಕೊರತೆ. 10 ಮಿ.ಮೀ. ಐಪೀಸ್‌ನಲ್ಲಿ, 40 ಪಟ್ಟಿಗೆ, ರಾಜಹಂಸ ನಕ್ಷತ್ರಪುಂಜದ ಕೊಕ್ಕಿನ ಜೋಡಿ ನಕ್ಷತ್ರ ಆಲ್ಬಿರಿಯೋ ಹೊಂಬಣ್ಣ ಮತ್ತು ನೀಲಿ ಎರಡು ಚುಕ್ಕೆಗಳಾಗಿ ಬಿಡಿಬಿಡಿಯಾಗಿ ನಿಲ್ಲುತ್ತದೆ; ಅವುಗಳ ನಡುವಿನ ಅಂತರ ಸುಮಾರು 34 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ಜೋಡಿ ನಕ್ಷತ್ರಗಳೇ ಮಳೆಗಾಲದ ಒಳ್ಳೆಯ ಗುರಿ. ತೆಳುಮೋಡ ಅವುಗಳ ಬೆಳಕು ತಗ್ಗಿಸುತ್ತದೆಯೇ ಹೊರತು ಅಂತರ ಕೆಡಿಸುವುದಿಲ್ಲ. ನೀಹಾರಿಕೆ, ಗೆಲಾಕ್ಸಿಗಳ ಆಸೆ ಬಿಡಬೇಕು, ಊರಿನ ಬೆಳಕು ಮೋಡಕ್ಕೆ ತಾಗಿ ಅವನ್ನು ನುಂಗಿಬಿಡುತ್ತದೆ.

ಬೈನಾಕ್ಯುಲರ್ (10×50) ಕಾಯಬೇಕಾಗಿಯೇ ಇಲ್ಲ. ಟ್ರೈಪಾಡ್‌ಗೆ ಬಿಗಿದರೆ ಆಲ್ಬಿರಿಯೋ ಬೇರ್ಪಡುತ್ತದೆ, ಕೈಯಲ್ಲಿ ಹಿಡಿದರೆ ನಡುಗಿ ಒಂದಾಗುತ್ತದೆ. ನಮ್ಮ ಆಯ್ಕೆ ಮೊದಲು ರಿಫ್ರ್ಯಾಕ್ಟರ್, ಜೊತೆಗೆ ಕುತ್ತಿಗೆಯಲ್ಲಿ ಬೈನಾಕ್ಯುಲರ್.

ಸಂದಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಉಪಗ್ರಹ ಚಿತ್ರ ಒಂದನ್ನೇ ನಂಬಬೇಡಿ. ರಾತ್ರಿ ಸಿಗುವುದು ಇನ್‌ಫ್ರಾರೆಡ್ ಚಿತ್ರ. ಅದರಲ್ಲಿ ತಣ್ಣನೆಯ ಎತ್ತರದ ಮೋಡ ಬೆಳ್ಳಗೆ ಎದ್ದು ಕಾಣುತ್ತದೆ, ನೆಲದಷ್ಟೇ ಬೆಚ್ಚಗಿರುವ ತಗ್ಗಿನ ಮೋಡ ನೆಲದ ಬಣ್ಣದಲ್ಲೇ ಬೆರೆತುಹೋಗುತ್ತದೆ. ನಮ್ಮ ಮೇಲೆ ಮುಂಗಾರಿನಲ್ಲಿ ಕವಿಯುವುದು ಬಹುಪಾಲು ಈ ತಗ್ಗಿನದೇ. ಅದು ಪಶ್ಚಿಮದಿಂದ ಬರುತ್ತದೆ, ಹಾಗಾಗಿ ತಾರಸಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕಾಯಬೇಕು. ತೀರಾ ಎತ್ತರದ ಎಳೆಎಳೆ ಮೋಡ ಮಾತ್ರ ಎದುರು ದಿಕ್ಕಿನಿಂದ, ಪೂರ್ವದಿಂದ, ತೇಲಿ ಬರುತ್ತದೆ.

ಹಿರಿಯೂರು, ಚಳ್ಳಕೆರೆ ಕಡೆ ಕಾರು ಓಡಿಸುವ ಸಲಹೆಯೂ ಕೇಳಿಬರುತ್ತದೆ. ಅದು ಮಳೆ ಕಡಿಮೆ ಬೀಳುವ ಸೀಮೆ, ನಿಜ. ಆದರೆ ಘಟ್ಟ ದಾಟಿ ಬಂದ ಮೋಡ ಸುರಿಯದೆಯೂ ಅಲ್ಲಿ ಹಾಸಿಕೊಂಡಿರುತ್ತದೆ. ಜುಲೈನಲ್ಲಿ ಆ ಪೆಟ್ರೋಲ್ ದಂಡ.

ಇಬ್ಬನಿಯ ವಿಷಯ. ರಿಫ್ರ್ಯಾಕ್ಟರ್‌ನ ಮುಂದಿನ ಗಾಜು ಬೇಗ ಮಂಜಾಗುತ್ತದೆ. ಗಾಜಿನ ಅಗಲದ ಒಂದೂವರೆ ಪಟ್ಟು ಉದ್ದಕ್ಕೆ, ಅಂದರೆ 12 ಸೆಂ.ಮೀ., ಕಪ್ಪು ಫೋಮ್ ಶೀಟ್ ಸುತ್ತಿ ಮುಂದಕ್ಕೆ ಚಾಚಿಸಿ. ಮಂಜಾದ ಗಾಜನ್ನು ಒರೆಸಬೇಡಿ, ಹಾಗೇ ಮುಚ್ಚಳವನ್ನೂ ಹಾಕಬೇಡಿ. ಒಳಗೆ ತಂದು, ಗಾಜು ಕೆಳಮುಖವಾಗುವಂತೆ ಓರೆಯಾಗಿ ಇಟ್ಟು, ಪೂರ್ತಿ ಒಣಗಿದ ಮೇಲೆ ಮುಚ್ಚಳ. ಆಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅರ್ಧ ಕೆಜಿ ಸಿಲಿಕಾ ಜೆಲ್, ಒಂದು ಪುಟ್ಟ ಹೈಗ್ರೋಮೀಟರ್. ತೇವಾಂಶ ಶೇ 50ರ ಕೆಳಗಿದ್ದರೆ ಫಂಗಸ್ ಭಯವಿಲ್ಲ. ಬೀರುವಿನಲ್ಲಿ ಬಲ್ಬು ಉರಿಸುವ ಹಳೆಯ ಪದ್ಧತಿಯೂ ನಡೆಯುತ್ತದೆ, ಕರೆಂಟು ಹೋದಾಗ ಮಾತ್ರ ಕೈಕೊಡುತ್ತದೆ.

ಪೂರ್ತಿ ಮುಚ್ಚಿದ ರಾತ್ರಿಗೆ

ಹಳೆಯ ಫೋಟೋಗಳನ್ನು ಮತ್ತೆ ಸಂಸ್ಕರಿಸುವುದು, ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ಡಾರ್ಕ್ ಫ್ರೇಮ್ (ಫೋಟೋದಿಂದ ಕಳೆಯಲು ಬೇಕಾದ, ಕ್ಯಾಮೆರಾದ್ದೇ ಗದ್ದಲದ ಚಿತ್ರ) ಕೂಡಿಡುವುದು ಉಪಯೋಗದ ಕೆಲಸಗಳೇ. ಆದರೆ ಆ ರಾತ್ರಿಯ ಆಕಾಶವೇ ಬೇಕೆಂದರೆ ದಾರಿ ರೇಡಿಯೋ ಒಂದೇ. ಆಕಾಶಗಂಗೆಯಲ್ಲಿರುವ ಜಲಜನಕದ ಪರಮಾಣು 1420.406 ಮೆಗಾಹರ್ಟ್ಸ್‌ನಲ್ಲಿ, 21 ಸೆಂ.ಮೀ. ತರಂಗದಲ್ಲಿ, ಸೂಸುವ ಅಲೆಗೆ ಮೋಡ ಅಡ್ಡಿಯೇ ಅಲ್ಲ. 1951ರಲ್ಲಿ ಹಾರ್ವರ್ಡ್‌ನಲ್ಲಿ ಯುಯೆನ್ ಮತ್ತು ಪರ್ಸೆಲ್ ಇದನ್ನು ಮೊದಲು ಹಿಡಿದದ್ದೂ ಹಾರ್ನ್, ಅಂದರೆ ಕಹಳೆಯಂತೆ ಬಾಯಿ ಅಗಲವಾಗುವ, ಆಂಟೆನಾದಿಂದಲೇ.

ಮೂರು ಆಂಟೆನಾಗಳನ್ನು ಹೋಲಿಸಿದರೆ, 15 ಸೆಂ.ಮೀ. ವ್ಯಾಸದ ದುಂಡು ಡಬ್ಬ ಅತಿ ಸುಲಭದ್ದು, ಆದರೆ ಅದು ಆಕಾಶದ ದೊಡ್ಡ ಭಾಗವನ್ನು ಒಟ್ಟಿಗೇ ನೋಡುವುದರಿಂದ ಆಕಾಶಗಂಗೆಯ ಗುರುತು ಮಸುಕಾಗುತ್ತದೆ. ವೈಫೈಗೆ ಮಾರುವ ಜಾಲರಿ ಡಿಶ್‌ನ ನಡುವಿನ ಫೀಡ್ (ಡಿಶ್ ಕೂಡಿಸಿದ ಅಲೆ ಹಿಡಿಯುವ ಭಾಗ) 2.4 ಗಿಗಾಹರ್ಟ್ಸ್‌ನದು, ಬದಲಿಸಬೇಕು. ಬದಿಗಳಿಂದ ನೆಲದ ಗದ್ದಲವನ್ನೂ ಎಳೆದುಕೊಳ್ಳುತ್ತದೆ. ಗೆದ್ದದ್ದು ಹಾರ್ನ್.

ತಗಡಿನ ಕೆಲಸದವರ ಹತ್ತಿರ 17×10 ಸೆಂ.ಮೀ. ಬಾಯಿಯ, 22 ಸೆಂ.ಮೀ. ಉದ್ದದ, ಒಂದು ಕಡೆ ಮುಚ್ಚಿದ ಪೆಟ್ಟಿಗೆ ಮಾಡಿಸಿ. ಮುಚ್ಚಿದ ತುದಿಯಿಂದ 6.7 ಸೆಂ.ಮೀ. ದೂರದಲ್ಲಿ, ಅಗಲದ ಬದಿಯ ನಟ್ಟನಡುವೆ ತೂತು ಕೊರೆದು, ಕನೆಕ್ಟರ್ ಕೂರಿಸಿ, ಒಳಕ್ಕೆ 5 ಸೆಂ.ಮೀ. ತಾಮ್ರದ ತಂತಿ ಬೆಸೆಯಿರಿ. ಈ 6.7ರ ಅಳತೆಯಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೂ ಸಂಕೇತ ಸೊರಗುತ್ತದೆ. ಪೆಟ್ಟಿಗೆಯ ಬಾಯಿಯಿಂದ 70 ಸೆಂ.ಮೀ. ಎತ್ತರಕ್ಕೆ ಅಗಲವಾಗುತ್ತಾ ಹೋಗಿ 75×60 ಸೆಂ.ಮೀ. ಬಾಯಿ ತೆರೆಯುವ ಹಾರ್ನ್ ಕಟ್ಟಬೇಕು. ರಟ್ಟು ಮಳೆಗಾಲದಲ್ಲಿ ಮೆತ್ತಗಾಗುತ್ತದೆ, ಸನ್‌ಪ್ಯಾಕ್ ಶೀಟ್ ತೆಗೆದುಕೊಂಡು ಒಳಬದಿಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ. ಸೇರುವಲ್ಲಿ ಫಾಯಿಲ್ ಮೂರ್ನಾಲ್ಕು ಸೆಂ.ಮೀ. ಒಂದರ ಮೇಲೊಂದು ಬರಲಿ. ನೋಟ ಸುಮಾರು 20 ಡಿಗ್ರಿ ಅಗಲ.

ಕನೆಕ್ಟರ್‌ಗೆ ತಾಗಿಕೊಂಡೇ 1420 ಮೆಗಾಹರ್ಟ್ಸ್‌ನ ಫಿಲ್ಟರ್ ಇರುವ ಎಲ್‌ಎನ್‌ಎ (ಕಡಿಮೆ ಗದ್ದಲದ ವರ್ಧಕ), ಆಮೇಲೆ ಕೇಬಲ್, ಕೊನೆಗೆ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಸಿಕ್ಕಿಸುವ ಪುಟ್ಟ ರೇಡಿಯೋ ಗ್ರಾಹಕ). ಎಲ್‌ಎನ್‌ಎಯನ್ನು ಕೇಬಲ್‌ನ ಡಾಂಗಲ್ ಕಡೆಯ ತುದಿಗೆ ಹಾಕಿದರೆ ಸಂಕೇತ ಕೇಬಲ್‌ನಲ್ಲೇ ಸಾಯುತ್ತದೆ. ಡಾಂಗಲ್‌ನ ಬಯಾಸ್ ಟೀ ಆನ್ ಮಾಡುವುದನ್ನು ಮರೆಯಬೇಡಿ, ಎಲ್‌ಎನ್‌ಎಗೆ ವಿದ್ಯುತ್ ಅಲ್ಲಿಂದಲೇ.

ಹಾರ್ನನ್ನು ನೇರ ನೆತ್ತಿಗೆ ನಿಲ್ಲಿಸಿ. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿಯಾದ್ದರಿಂದ ಆಕಾಶಗಂಗೆ ಆಗಸ್ಟ್ 15ರ ಸುಮಾರಿಗೆ ರಾತ್ರಿ ಹತ್ತೂಕಾಲಿಗೆ ನೆತ್ತಿ ದಾಟುತ್ತದೆ, ಪ್ರತಿದಿನ 4 ನಿಮಿಷ ಮುಂಚೆ. ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಇಳಿಜಾರಾಗಿ ಕಟ್ಟಿ. ಪ್ಲಾಸ್ಟಿಕ್‌ನಿಂದ ತೊಂದರೆಯಿಲ್ಲ, ಅದರ ಮೇಲೆ ನಿಂತ ನೀರಿನಿಂದ ಇದೆ. ಗುಡುಗು ಕೇಳಿಸಿದರೆ ಕೇಬಲ್ ಕಿತ್ತು ಒಳಗೆ ಬನ್ನಿ.

ಐದು ನಿಮಿಷದ ಸರಾಸರಿ ತೆಗೆದರೂ ಕಂಪ್ಯೂಟರ್ ಬಿಡಿಸುವ ರೋಹಿತದ ಗೆರೆಯಲ್ಲಿ (ಯಾವ ಆವರ್ತನದಲ್ಲಿ ಎಷ್ಟು ಸಂಕೇತ ಎಂಬ ನಕ್ಷೆ) ಮೊದಲು ಕಾಣುವುದು ಡಾಂಗಲ್‌ನದೇ ಉಬ್ಬುತಗ್ಗು. ಅದನ್ನು ಕಳೆಯಲು ಆಂಟೆನಾದ ಬದಲು 50 ಓಮ್ ಟರ್ಮಿನೇಟರ್ (ರೋಧಕವಿರುವ ಮುಚ್ಚಳ) ಹಾಕಿ ಅಳೆಯಬಹುದು, ಇಲ್ಲವೇ ಟ್ಯೂನಿಂಗ್ 3 ಮೆಗಾಹರ್ಟ್ಸ್ ಕೆಳಗೆ ಸರಿಸಿ ಅಳೆದು ಭಾಗಿಸಬಹುದು. ಎರಡನೆಯದು ಉತ್ತಮ, ಏನನ್ನೂ ಬಿಚ್ಚಬೇಕಿಲ್ಲ. ಡಾಂಗಲ್ ಬಿಸಿಯಾದಂತೆ ಆಕಾರ ಬದಲಾಗುವುದರಿಂದ ಅರ್ಧ ಗಂಟೆಗೊಮ್ಮೆ ಮತ್ತೆ ಅಳೆಯಿರಿ. ಆಗ ಉಳಿಯುವ ಸಣ್ಣ ದಿಬ್ಬವೇ ಜಲಜನಕ. ಅದಕ್ಕೆ ಒಂದಕ್ಕಿಂತ ಹೆಚ್ಚು ತುದಿಗಳಿದ್ದರೆ ಬೇರೆ ಬೇರೆ ವೇಗದ ಅನಿಲ ಎಂದರ್ಥ, 4.74 ಕಿಲೋಹರ್ಟ್ಸ್ ಸರಿದರೆ ಸೆಕೆಂಡಿಗೆ ಒಂದು ಕಿ.ಮೀ.

ದಿಬ್ಬ ಬಾರದಿದ್ದರೆ ಹಾರ್ನನ್ನೇ ಪರೀಕ್ಷಿಸಲು ಸೂರ್ಯನಿದ್ದಾನೆ. ಆಗಸ್ಟ್ 18ರ ಆಸುಪಾಸು ಮಧ್ಯಾಹ್ನ 12:25ರ ಹೊತ್ತಿಗೆ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೇ ಹಾಯುತ್ತಾನೆ. ಮೋಡವಿದ್ದರೂ ಒಟ್ಟು ಗದ್ದಲ ಒಂದೆರಡು ಡೆಸಿಬೆಲ್ ಏರಿ ಇಳಿಯಬೇಕು. ಏರದಿದ್ದರೆ ಮೊದಲು ಬಯಾಸ್ ಟೀ, ಆಮೇಲೆ ತಾಮ್ರದ ತಂತಿಯ ಬೆಸುಗೆ ನೋಡಿ.