ಬ್ರಿಕ್ ಅನಿಮೇಷನ್‌ಗೆ ಹಸಿರು-ನೀಲಿ ಮಡಚುವ ಪರದೆ: ನನಗೆ ಕೆಲಸಕ್ಕೆ ಬಂದದ್ದು ಹಿಂಬದಿ

ಈ ಪರದೆಗೆ ಶುರುವಿನಲ್ಲಿ ಎರಡು ಸ್ಟಾರ್ ಕೊಟ್ಟು ಸುಮ್ಮನಾಗೋಣ ಅಂದುಕೊಂಡಿದ್ದೆ. ಈಗ ನಾಲ್ಕು ಕೊಡುತ್ತಿದ್ದೇನೆ. ಅದರಲ್ಲಿ ಹಸಿರು ಬದಿಯ ಪಾಲು ಒಂದೇ ಒಂದು.

ಸುತ್ತಲೂ ಸ್ಪ್ರಿಂಗ್ ತಂತಿ, ಒಂದು ಕಡೆ ಹಸಿರು ಬಟ್ಟೆ, ಇನ್ನೊಂದು ಕಡೆ ನೀಲಿ. ಅಳತೆ, ತೂಕ ಎಲ್ಲ ಮಾರುವವರ ಪುಟದಲ್ಲಿ ನೀವು ನೋಡಿಯೇ ಇರುತ್ತೀರಿ, ಬಿಡಿ. ನನ್ನ ಕೆಲಸ ಚಿಕ್ಕದು. ಮೇಜಿನ ಮೇಲೆ ಲೆಗೋ ಬ್ರಿಕ್‌ಗಳಲ್ಲಿ ಒಂದು ಬೀದಿಯನ್ನೋ ಕೋಟೆಯನ್ನೋ ಕಟ್ಟುತ್ತೇನೆ. ಗೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಒಂದೊಂದೇ ಫೋಟೊ ತೆಗೆಯುತ್ತೇನೆ. ಸೆಕೆಂಡಿಗೆ 12 ಫ್ರೇಮ್ ಇಟ್ಟರೂ ಒಂದು ನಿಮಿಷಕ್ಕೆ 720 ಫೋಟೊ ಬೇಕು. 15 ಇಟ್ಟರೆ 900. ಇಷ್ಟೂ ಫೋಟೊಗಳಲ್ಲಿ ಪರದೆಯ ಬಣ್ಣ ಇರುವ ಕಡೆಯೆಲ್ಲ ಹಿನ್ನೆಲೆಯನ್ನು ಸಾಫ್ಟ್‌ವೇರ್ ತಾನಾಗಿ ತೆಗೆದುಹಾಕಬೇಕು, ಆ ಜಾಗದಲ್ಲಿ ಆಕಾಶವೋ ಊರೋ ಬೇರೆ ಚಿತ್ರ ಕೂರಿಸಲು. ಒಂದೊಂದನ್ನೂ ಕೈಯಲ್ಲಿ ಕತ್ತರಿಸುತ್ತಾ ಕೂತರೆ ಸಿನಿಮಾ ಮುಗಿಯುವ ಮಾತೇ ಇಲ್ಲ. ಹಾಗಾಗಿ ಪರದೆ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ತಕರಾರು ತೆಗೆಯುತ್ತೇನೆ.

ಮೊದಲು ಬೈಯುವುದನ್ನು ಮುಗಿಸಿಬಿಡುತ್ತೇನೆ.

ಚೀಲದಿಂದ ಹೊರಗೆ ತೆಗೆದ ಕೂಡಲೇ ಇದು ಫಟ್ ಅಂತ ಬಿಚ್ಚಿಕೊಳ್ಳುತ್ತದೆ. ಮೊದಲ ಸಲ ಬಿಚ್ಚಿದಾಗ ಕಟ್ಟಿಟ್ಟಿದ್ದ ಕೋಟೆಯ ಒಂದು ಗೋಡೆಯನ್ನೇ ಗುಡಿಸಿ ಹಾಕಿತು. ಆಮೇಲೆ ಪಕ್ಕದ ಕೋಣೆಯಲ್ಲಿ ಬಿಚ್ಚಿ, ಅಡ್ಡ ಹಿಡಿದು ತರತೊಡಗಿದೆ. ಮಡಚುವುದು ಇನ್ನೊಂದು ರಾಮಾಯಣ. ಎಂಟರ ಆಕಾರಕ್ಕೆ ತಿರುಚಿ ಒಳಗೆ ಒತ್ತಬೇಕಂತೆ. ಕಂಪನಿಯ ವಿಡಿಯೊದಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಬಿಡುತ್ತದೆ. ನನ್ನ ಕೈಯಲ್ಲಿ ಆಗುವುದಿಲ್ಲ. ಈಗ ಮಡಚುವ ಗೋಜಿಗೇ ಹೋಗುವುದಿಲ್ಲ, ಬೀರುವಿನ ಹಿಂದೆ ನಿಲ್ಲಿಸಿಬಿಡುತ್ತೇನೆ. ಚೀಲದ ಜಿಪ್ ಆಗಲೇ ಹೋಗಿದೆ. ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟು ತಂತಿ ಇಣುಕಿತು, ಅದನ್ನು ನಾನೇ ಹೊಲಿದೆ.

ಸುಕ್ಕಿನ ಬಗ್ಗೆ ಬಹಳ ಜನ ದೂರಿದ್ದಾರೆ. ಮನುಷ್ಯರನ್ನು ನಿಲ್ಲಿಸಿ ವಿಡಿಯೊ ಮಾಡುವವರಿಗೆ ಅದು ನಿಜವಾದ ತೊಂದರೆ. ನಮಗೆ ಅಷ್ಟಿಲ್ಲ. ಮಿನಿಫಿಗರ್, ಅಂದರೆ ಲೆಗೋ ಗೊಂಬೆಯ ಎತ್ತರ ಸುಮಾರು 4 ಸೆಂ.ಮೀ. ಕ್ಯಾಮೆರಾ ಅದರ ಮುಖದ ಹತ್ತಿರವೇ ಇರುತ್ತದೆ. ಅಷ್ಟು ಹತ್ತಿರ ಹೋದರೆ ಫೋಕಸ್‌ನಲ್ಲಿ ಉಳಿಯುವುದು ಒಂದು ಸಣ್ಣ ಪದರ ಮಾತ್ರ. ಒಂದು ಕೈಯಳತೆ ಹಿಂದೆ ಇರುವ ಪರದೆಯ ಸುಕ್ಕೆಲ್ಲ ಮಸುಕಾಗಿ ಕರಗಿಹೋಗುತ್ತದೆ. ದೊಡ್ಡ ಮಡಿಕೆಯ ನೆರಳು ಮಾತ್ರ ಉಳಿಯುತ್ತದೆ. ಪರದೆಗೇ ಅಂತ ಎರಡು ಕಡೆಯಿಂದ ಬೇರೆ ಲೈಟು ಹಾಕಿದರೆ ಅದೂ ಹೋಗುತ್ತದೆ.

ನಾನು ಇವತ್ತಿಗೂ ಕ್ಷಮಿಸದ್ದು ಅಂದರೆ ನೂಲಿನ ಎಳೆ. ಈ ಬಟ್ಟೆ ಎಳೆ ಬಿಡುತ್ತದೆ. ಬ್ರಿಕ್‌ಗಳು ಎಬಿಎಸ್ ಪ್ಲಾಸ್ಟಿಕ್. ಸ್ವಲ್ಪ ಉಜ್ಜಿದರೂ ಸ್ಥಿರ ವಿದ್ಯುತ್ ಹುಟ್ಟಿ ಧೂಳನ್ನು ಎಳೆದುಕೊಳ್ಳುತ್ತವೆ. ಕಪ್ಪು ಬ್ರಿಕ್ ಮೇಲೆ ಹಸಿರು ಎಳೆ ಬಿದ್ದರೆ ಕೇಳಲೇಬೇಡಿ. 4 ಸೆಂ.ಮೀ. ಗೊಂಬೆಯ ಭುಜದ ಮೇಲೆ ಕೂತ ಎಳೆ ತೆರೆ ಮೇಲೆ ಹಗ್ಗದಷ್ಟು ದಪ್ಪ ಕಾಣುತ್ತದೆ. ಬರೀ ಕಂಡರೆ ಪರವಾಗಿಲ್ಲ. ಅದೂ ಹಸಿರೇ ಆದ್ದರಿಂದ ಸಾಫ್ಟ್‌ವೇರ್ ಅದನ್ನು ಹಿನ್ನೆಲೆ ಅಂತ ತಿಳಿದು ತೆಗೆದುಹಾಕುತ್ತದೆ. ಆಮೇಲೆ ಕಪ್ಪು ಕುದುರೆ ಸವಾರನ ಭುಜದಲ್ಲಿ ಒಂದು ಸೀಳು, ಅದರ ಮೂಲಕ ಹಿಂದಿನ ಆಕಾಶ!

ಈಗ ಮುಖ್ಯ ವಿಷಯ. ಮಾಮೂಲಿ ಲೆಗೋ ಗೊಂಬೆಗಳ ತಲೆ ಹಳದಿ. 1978ರಲ್ಲಿ ಕೈಕಾಲು ಆಡಿಸುವ ಈ ಗೊಂಬೆಗಳು ಬಂದಾಗಿನಿಂದಲೂ ಹಳದಿಯೇ. ‘ಮನುಷ್ಯರ ಚರ್ಮಕ್ಕೆ ಹಸಿರು ಪರದೆ ಒಳ್ಳೆಯದು’ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಮನುಷ್ಯರಿಗೆ ಅದು ಸರಿಯೇ. ಈ ಹಳದಿ ಜನರಿಗೆ ಅಲ್ಲ.

ಕಂಪ್ಯೂಟರ್ ಲೆಕ್ಕದಲ್ಲಿ ಹಳದಿ ಅಂದರೆ ಕೆಂಪೂ ಜಾಸ್ತಿ, ಹಸಿರೂ ಜಾಸ್ತಿ, ನೀಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮುಖದ ನಡುವೆ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಅಂಚಿನಲ್ಲಿ. ತಲೆ ದುಂಡಗಿದೆ, ಹೊಳೆಯುತ್ತದೆ. ಕೆನ್ನೆ ಹಿಂದಕ್ಕೆ ತಿರುಗುವ ಕಡೆ ಪರದೆಯ ಹಸಿರು ಅದರ ಮೇಲೆ ಪ್ರತಿಫಲಿಸುತ್ತದೆ. ನೆರಳಿನ ಬದಿಯಲ್ಲಂತೂ ಹಳದಿ ನಿಧಾನವಾಗಿ ಹಸಿರಿಗೆ ತಿರುಗುತ್ತದೆ. ಮುಖ ಎಲ್ಲಿ ಮುಗಿಯಿತು, ಪರದೆ ಎಲ್ಲಿ ಶುರುವಾಯಿತು ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ. ಒಂದು ಫ್ರೇಮ್‌ನಲ್ಲಿ ಕೆನ್ನೆ ಸ್ವಲ್ಪ ತಿಂದುಹಾಕುತ್ತದೆ, ಮುಂದಿನದರಲ್ಲಿ ಸ್ವಲ್ಪ ಉಳಿಸುತ್ತದೆ. ಓಡಿಸಿ ನೋಡಿದರೆ ಮುಖದ ಅಂಚು ಗುಳುಗುಳು ಅಂತ ಕುದಿಯುತ್ತಿರುತ್ತದೆ.

ಹೀಗೆ ಗೊಂಬೆಯ ಮೇಲೆ ಬೀಳುವ ಪರದೆಯ ಬಣ್ಣಕ್ಕೆ ಸ್ಪಿಲ್ ಅನ್ನುತ್ತಾರೆ. ‘ಸಾಫ್ಟ್‌ವೇರ್‌ನಲ್ಲಿ ಸ್ಪಿಲ್ ತೆಗೆಯುವ ಆಯ್ಕೆ ಇದೆಯಲ್ಲ’ ಅನ್ನಬಹುದು. ಇದೆ. ಅದು ಹಸಿರನ್ನು ತಗ್ಗಿಸುತ್ತದೆ. ಹಳದಿಯಿಂದ ಹಸಿರು ತಗ್ಗಿಸಿದರೆ ಉಳಿಯುವುದೇನು? ಕಿತ್ತಳೆ. ಜಾಸ್ತಿ ಎಳೆದರೆ ಊರಿನವರೆಲ್ಲ ಕಿತ್ತಳೆ ಮುಖದವರು. ಕಡಿಮೆ ಎಳೆದರೆ ಕೆನ್ನೆಯ ಸುತ್ತ ನಿಂಬೆ ಬಣ್ಣದ ಗೆರೆ. ಪರದೆಯನ್ನು ಹಿಂದಕ್ಕೆ ತಳ್ಳಿ ನೋಡಿದೆ, ಬದಿಗಳಲ್ಲಿ ಕಪ್ಪು ಚಾರ್ಟ್ ನಿಲ್ಲಿಸಿ ನೋಡಿದೆ, ಪರದೆಯ ಲೈಟು ತಗ್ಗಿಸಿ ನೋಡಿದೆ. ಒಂದೊಂದರಿಂದ ಒಂದಿಷ್ಟು ಸುಧಾರಿಸಿತು. ಪೂರ್ತಿ ಹೋಗಲಿಲ್ಲ. ಎರಡು ಸ್ಟಾರ್ ಯೋಚನೆ ಬಂದದ್ದು ಆವಾಗಲೇ.

ಆಮೇಲೆ ಒಂದು ಕಾಡಿನ ದೃಶ್ಯ ಬಂತು. ಹಸಿರು ಮರ, ಹಸಿರು ಬಳ್ಳಿ. ಹಸಿರು ಪರದೆ ಮುಂದೆ ಇಟ್ಟರೆ ಮರವೂ ಮಾಯ. ಬೇರೆ ದಾರಿ ಇಲ್ಲದೆ ಪರದೆಯನ್ನು ನೀಲಿ ಬದಿಗೆ ತಿರುಗಿಸಿದೆ. ಮರಕ್ಕಾಗಿ ತಿರುಗಿಸಿದ್ದು, ನೋಡಿದರೆ ಗೊಂಬೆಗಳ ಮುಖ ಕತ್ತರಿಯಲ್ಲಿ ಕತ್ತರಿಸಿದಂತೆ ನೀಟಾಗಿ ಬಂದಿತ್ತು.

ಕಾರಣ ಅದೇ ಲೆಕ್ಕ. ಹಳದಿಗೂ ನೀಲಿಗೂ ಸಂಬಂಧವೇ ಇಲ್ಲ. ಕೆನ್ನೆಯ ಮೇಲೆ ನೀಲಿ ಬಿದ್ದರೂ ಅಂಚು ಸ್ವಲ್ಪ ಬೂದಿಯಾಗುತ್ತದೆ ಅಷ್ಟೆ, ಪರದೆಯ ಬಣ್ಣಕ್ಕೆ ತಿರುಗುವುದಿಲ್ಲ. ಸ್ಪಿಲ್ ತೆಗೆಯುವಾಗ ನೀಲಿಯನ್ನು ಎಷ್ಟು ತಗ್ಗಿಸಿದರೂ ಹಳದಿಗೆ ನಷ್ಟವಿಲ್ಲ. ಅದರಲ್ಲಿ ನೀಲಿ ಇದ್ದರೆ ತಾನೆ! ಬಿಳಿ ಬ್ರಿಕ್‌ನ ಅಂಚಲ್ಲಿ ಚೂರು ನೀಲಿ ಉಳಿದರೂ ಬಯಲಿನ ದೃಶ್ಯದಲ್ಲಿ ಆಕಾಶದ ಬೆಳಕು ಅನ್ನಿಸುತ್ತದೆ. ಹಸಿರು ಉಳಿದರೆ ಪಾಚಿ ಕಟ್ಟಿದಂತೆ ಕಾಣುತ್ತದೆ.

ಹಾಗಾದರೆ ಎಲ್ಲರೂ ಹಸಿರು ಹಸಿರು ಅನ್ನುವುದು ಯಾಕೆ? ಅದು ಕ್ಯಾಮೆರಾದ ಒಳಗಿನ ಕತೆ. ಇವತ್ತಿನ ಬಹುತೇಕ ಡಿಜಿಟಲ್ ಕ್ಯಾಮೆರಾಗಳ ಸೆನ್ಸರ್‌ನಲ್ಲಿ ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಮಾಡಿದ ವಿನ್ಯಾಸ ಇದು, 1976ರಲ್ಲಿ ಪೇಟೆಂಟ್ ಸಿಕ್ಕಿತು. ಹಾಗಾಗಿ ಹಸಿರಿನಲ್ಲಿ ವಿವರ ಜಾಸ್ತಿ, ಫೋಟೊದಲ್ಲಿ ಮರಳು ಚೆಲ್ಲಿದಂತೆ ಕಾಣುವ ಕಾಳುಕಾಳು ಕಡಿಮೆ. ನೀಲಿಯಲ್ಲಿ ಕಾಳು ಜಾಸ್ತಿ, ಬೆಳಕೂ ಜಾಸ್ತಿ ಬೇಕು. ಓಡಾಡುವ, ಮಾತಾಡುವ ಮನುಷ್ಯರ ವಿಡಿಯೊಗೆ ಇದು ದೊಡ್ಡ ವಿಷಯ. ನಮ್ಮ ನಟರು ಕಣ್ಣು ಕೂಡ ಮಿಟುಕಿಸುವುದಿಲ್ಲ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು 100ಕ್ಕೆ ಇಳಿಸಿ, ಶಟರ್ ಅರ್ಧ ಸೆಕೆಂಡ್ ತೆರೆದಿಟ್ಟರೂ ಯಾರೂ ಅಲ್ಲಾಡುವುದಿಲ್ಲ. ಬೆಳಕು ಬೇಕಾದಷ್ಟು ಬರುತ್ತದೆ, ಕಾಳು ಕಣ್ಣಿಗೆ ಬೀಳುವುದಿಲ್ಲ. ಶಟರ್ ಅಷ್ಟು ಹೊತ್ತು ತೆರೆದಿದ್ದರೆ ಎಲ್‌ಇಡಿ ಲೈಟಿನ ಮಿನುಗು ಕೂಡ ಸರಾಸರಿಯಾಗಿ ಹೋಗುತ್ತದೆ. ನಾನು ಮಾಮೂಲಿ ಜೆಪೆಗ್ ಬಿಟ್ಟು, ಸೆನ್ಸರ್ ಕಂಡದ್ದನ್ನು ಕುಗ್ಗಿಸದೆ ಇಡುವ ರಾ ಫೈಲ್‌ನಲ್ಲೇ ಫೋಟೊ ತೆಗೆಯುತ್ತೇನೆ. ಜೆಪೆಗ್‌ನಲ್ಲಿ ಬಣ್ಣದ ವಿವರವನ್ನು ಸಾಮಾನ್ಯವಾಗಿ ಬೆಳಕಿನ ವಿವರಕ್ಕಿಂತ ಕಡಿಮೆ ಉಳಿಸಿಕೊಂಡಿರುತ್ತಾರೆ. ಪರದೆ ತೆಗೆಯುವ ಕೆಲಸ ನಡೆಯುವುದೇ ಬಣ್ಣದ ಮೇಲೆ, ಅಲ್ವಾ?

ನೀಲಿಯಲ್ಲೂ ಗಂಟಿದೆ. ಪೊಲೀಸ್ ಗೊಂಬೆ, ಹಳೆಯ ನೀಲಿ ಬಾಹ್ಯಾಕಾಶ ಯಾತ್ರಿ, ಪಾರದರ್ಶಕ ನೀಲಿ ಗಾಜು, ಇವೆಲ್ಲ ಮಾಯವಾಗುತ್ತವೆ. ಆವಾಗ ಹಸಿರು ಬದಿಗೇ ಹೋಗಬೇಕು. ಹಳದಿ ತಲೆ, ನೀಲಿ ಪ್ಯಾಂಟು ಎರಡೂ ಇದ್ದರೆ? ಪರದೆಯ ಎದುರಿಗೆ ಕಾಣುವ ಭಾಗಕ್ಕೆ ಮಾತ್ರ ಈ ತಲೆನೋವು ಅನ್ನುವುದನ್ನು ನೆನಪಿಡಿ. ಗೊಂಬೆಯ ಹಿಂದೆ ಎರಡು ಬ್ರಿಕ್ ಎತ್ತರದ ಬೂದು ಗೋಡೆ ಕಟ್ಟುತ್ತೇನೆ, ಅಂದರೆ 19.2 ಮಿ.ಮೀ. ಕಾಲೆಲ್ಲ ಅದರ ಎದುರಿಗೇ ಬರುತ್ತದೆ. ಆಮೇಲೆ ಗೋಡೆಯ ಮೇಲಂಚಿನಿಂದ ಕೆಳಗಿನ ಭಾಗಕ್ಕೆ ಒಂದು ಮಾಸ್ಕ್ (ಇಲ್ಲಿ ಏನೂ ಅಳಿಸಬೇಡ ಅಂತ ಸಾಫ್ಟ್‌ವೇರ್‌ಗೆ ಹೇಳುವ ಗುರುತು) ಎಳೆದರೆ ಪ್ಯಾಂಟು ಬಚಾವ್. ಇನ್ನು ಸಿನಿಮಾ ಪಾತ್ರಗಳ ಗೊಂಬೆಗಳು ನಿಮ್ಮಲ್ಲಿದ್ದರೆ, ಮನುಷ್ಯರ ಚರ್ಮದ ಬಣ್ಣದವು, ಅವಕ್ಕೆ ಹಸಿರು ಚೆನ್ನಾಗಿಯೇ ಹೊಂದುತ್ತದೆ.

ಕೆಲಸಕ್ಕೆ ಕೂರುವ ಮೊದಲು ನನ್ನದೊಂದು ಕ್ರಮ ಇದೆ. ಇದನ್ನು ಬರೆಯಲು ನನಗೆ ಖುಷಿ, ಓದಲು ಬೇಜಾರಾದರೆ ಮುಂದಿನ ಪ್ಯಾರಾಗೆ ಹೋಗಿ. ಕಿಟಕಿಯ ಕರ್ಟನ್ ಪೂರ್ತಿ ಎಳೆಯುತ್ತೇನೆ. ಹೊರಗೆ ಮೋಡ ಸರಿದರೂ ಫೋಟೊದಿಂದ ಫೋಟೊಗೆ ಬೆಳಕು ಬದಲಾಗುತ್ತದೆ. ಫ್ಯಾನ್ ಆಫ್. ಪರದೆ ಅಲ್ಲಾಡಿದರೆ ಚಿಂತೆಯಿಲ್ಲ, ಅದು ಹೇಗೂ ಹೋಗುವುದೇ. ಗಾಳಿಗೆ ಎಳೆ ಹಾರಿ ಬರುತ್ತದಲ್ಲ, ಅದಕ್ಕೆ. ಕಪ್ಪು ಶರ್ಟ್ ಹಾಕುತ್ತೇನೆ, ಬಿಳಿ ಶರ್ಟ್ ಹಾಕಿದರೆ ಅದರ ಬೆಳಕೇ ಬ್ರಿಕ್‌ಗಳ ಮೇಲೆ ಬೀಳುತ್ತದೆ. ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಎಲ್ಲ ಮ್ಯಾನ್ಯುಯಲ್. ಆಮೇಲೆ ಮೇಕಪ್‌ಗೆ ಬಳಸುವ ಮೆತ್ತಗಿನ ಬ್ರಷ್. ಒಂದೊಂದು ಗೊಂಬೆಯನ್ನೂ ಟೇಬಲ್ ಲ್ಯಾಂಪ್ ಕೆಳಗೆ ಓರೆಯಾಗಿ ಹಿಡಿದು, ಕಂಕುಳ ಸಂದಿ, ಟೋಪಿಯ ಅಂಚು, ಬೆರಳಿಲ್ಲದ ಆ ಕೊಕ್ಕೆ ಕೈಯ ಒಳಗೆ ಬ್ರಷ್ ಆಡಿಸುತ್ತೇನೆ. ಮೊದಲ ಫೋಟೊ ಬರೀ ಪರದೆಯದ್ದು, ಬೆಳಕು ಎಲ್ಲ ಕಡೆ ಸಮವಾಗಿದೆಯೇ ಅಂತ ನೋಡಲು. ಎರಡನೆಯದು ಒಂದು ಹಳದಿ ತಲೆಯದ್ದು, ಕೆನ್ನೆಯ ಅಂಚನ್ನು ದೊಡ್ಡದು ಮಾಡಿ ನೋಡಲು. ಅದು ಚೆನ್ನಾಗಿದ್ದರೆ ರಿಮೋಟ್ ಹಿಡಿದು ಶುರು. ಪ್ರತಿ ಸಲ ಕ್ಲಿಕ್ ಮಾಡುವಾಗ ಅದೇ ಜಾಗಕ್ಕೆ ಬಂದು ನಿಲ್ಲುತ್ತೇನೆ, ನನ್ನ ನೆರಳೂ ಪ್ರತಿ ಫ್ರೇಮ್‌ನಲ್ಲಿ ಒಂದೇ ಥರ ಇರಲಿ ಅಂತ.

ತೀರಾ ಹಟಮಾರಿ ಶಾಟ್‌ಗೆ ಇನ್ನೊಂದು ದಾರಿ ಇದೆ. ಉದ್ದ ಆಂಟೆನಾ, ಸಪೂರ ಈಟಿ ಇಂಥವಕ್ಕೆ. ಪ್ರತಿ ಫ್ರೇಮ್‌ಗೆ ಎರಡು ಫೋಟೊ ತೆಗೆಯಬೇಕು. ಒಂದು ಮಾಮೂಲಿ. ಇನ್ನೊಂದರಲ್ಲಿ ಗೊಂಬೆಯ ಲೈಟು ಆರಿಸಿ, ಪರದೆಯ ಲೈಟು ಮಾತ್ರ ಇಡಬೇಕು. ಗೊಂಬೆ ಕಪ್ಪು ನೆರಳಾಗಿ ಬರುತ್ತದೆ, ಅದನ್ನೇ ಮಾಸ್ಕ್ ಆಗಿ ಬಳಸಬಹುದು. ಡ್ರ್ಯಾಗನ್‌ಫ್ರೇಮ್ ಸಾಫ್ಟ್‌ವೇರ್ ಲೈಟುಗಳನ್ನು ತಾನೇ ಆರಿಸಿ ಹೊತ್ತಿಸಿ ಇದನ್ನು ಮಾಡಬಲ್ಲದು. ನನ್ನದು ಕೈಯಲ್ಲಿ ಸ್ವಿಚ್ ಒತ್ತುವ ಬಡತನದ ಆವೃತ್ತಿ. ಫೋಟೊ ಸಂಖ್ಯೆ ದುಪ್ಪಟ್ಟಾಗುತ್ತದೆ, ಹಾಗಾಗಿ ಅಪರೂಪಕ್ಕೆ ಮಾತ್ರ. ಪರದೆ ತೆಗೆಯುವ ಕೆಲಸಕ್ಕೆ ಡಾವಿಂಚಿ ರಿಸಾಲ್ವ್ ಅನ್ನುವ ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯೇ ನನಗೆ ಸಾಕಾಗಿದೆ.

ಬೇರೆ ಪರದೆಗಳ ಬಗ್ಗೆ ಎರಡು ಮಾತು. ಹೊಳೆಯುವ ಪ್ಲಾಸ್ಟಿಕ್ ಹಾಳೆ ಬೇಡ, ಲೈಟಿನ ಬಿಳಿ ಮಚ್ಚೆ ಅದರ ಮೇಲೇ ಕೂರುತ್ತದೆ. ಬ್ರಿಕ್ ಕೂರಿಸುವ ತಟ್ಟೆ, ಲೆಗೋದ ಹಸಿರು ಬೇಸ್‌ಪ್ಲೇಟ್ ನಿಲ್ಲಿಸಿದರೆ ಆಯ್ತು ಅಂತ ಕೆಲವರು ಹೇಳುತ್ತಾರೆ. ಅದರ ಮೇಲಿನ ಒಂದೊಂದು ದುಂಡು ಗುಬುಟಿಗೂ (ಸ್ಟಡ್) ಒಂದು ಹೊಳಪು, ಒಂದು ನೆರಳು. ಸುಮ್ನೆ ತಲೆನೋವು. ಕಂಪ್ಯೂಟರ್ ಮಾನಿಟರ್‌ನಲ್ಲಿ ಬೇಕಾದ ಬಣ್ಣ ಹಾಕಿ ಹಿಂದೆ ಇಡಬಹುದು, ಸಣ್ಣ ಸೆಟ್‌ಗೆ ನಡೆಯುತ್ತದೆ. ಫೋಕಸ್ ಅದರ ಮೇಲೆ ಹೋದರೆ ಮಾತ್ರ ಅಲೆಅಲೆ ಗೆರೆ ಬರುತ್ತದೆ. ಮ್ಯಾಟ್ ಚಾರ್ಟ್ ಪೇಪರ್ ನಿಜಕ್ಕೂ ಒಳ್ಳೆಯದು. ಹೊಳಪಿಲ್ಲ, ಎಳೆ ಬಿಡುವುದಿಲ್ಲ, ಮೇಜಿನಿಂದ ಗೋಡೆಗೆ ಬಾಗಿಸಿ ಅಂಟಿಸಬಹುದು. ಬಿಸಿಲಿಗೆ ಬಣ್ಣ ಮಾಸುತ್ತದೆ, ಒಂದು ಸಲ ಮಡಿಕೆ ಬಿದ್ದರೆ ಮುಗಿಯಿತು. ನಿಮ್ಮ ಬಜೆಟ್ ಸಣ್ಣದಾದರೆ, ಸೆಟ್ಟೂ ಸಣ್ಣದಾದರೆ, ಈ ಪರದೆ ಬಿಟ್ಟು ಒಂದು ನೀಲಿ, ಒಂದು ಹಸಿರು ಚಾರ್ಟ್ ತಂದು ಶುರುಮಾಡಿ ಅಂತಲೇ ಹೇಳುತ್ತೇನೆ. ನನಗೆ ಬಟ್ಟೆ ಬೇಕಾದದ್ದು ಹಾರುವ ದೃಶ್ಯಗಳಿಗೆ, ಅಲ್ಲಿ ಫ್ರೇಮ್ ತುಂಬ ಬರೀ ಆಕಾಶ. ಗೊಂಬೆಗೆ ಆಸರೆ ಕೊಡುವ ಕಂಬಕ್ಕೆ ನೀಲಿ ಚಾರ್ಟ್ ಪಟ್ಟಿ ಸುತ್ತುತ್ತೇನೆ. ಚಾರ್ಟಿನ ನೀಲಿಯೇ ಬೇರೆ, ಬಟ್ಟೆಯ ನೀಲಿಯೇ ಬೇರೆ, ಹಾಗಾಗಿ ಎರಡನ್ನೂ ಬೇರೆ ಬೇರೆ ತೆಗೆಯಬೇಕಾಗುತ್ತದೆ. ಕಂಪನಿಯವರು ಇದೇ ಬಟ್ಟೆಯ ಒಂದು ತುಂಡನ್ನು ಜೊತೆಗೆ ಕೊಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು?

ಬಣ್ಣ ಮಾತ್ರ ಎರಡೂ ಬದಿಯಲ್ಲಿ ಚೂರೂ ಮಾಸಿಲ್ಲ, ಅದನ್ನು ಹೇಳಲೇಬೇಕು. ಕಡಿಮೆಯಾದ ಆ ಒಂದು ಸ್ಟಾರ್ ನೂಲಿನ ಎಳೆಗೆ. ಇದನ್ನೇ ಅರ್ಧ ಅಳತೆಯಲ್ಲಿ, ಎಳೆ ಬಿಡದ ಬಟ್ಟೆಯಲ್ಲಿ, ಮೇಜಿನ ಮೇಲೆ ತಾನೇ ನಿಲ್ಲುವ ಹಾಗೆ ಮಾಡಿದರೆ ಇನ್ನೊಂದು ಕೊಳ್ಳುತ್ತೇನೆ. ಹಸಿರು ಬದಿ ಇಲ್ಲದಿದ್ದರೂ ನಡೆಯುತ್ತದೆ.