ಸೋನೋಗ್ರಫಿ ಓದು: ಖಾಸಗಿ ಇನ್‌ಸ್ಟಿಟ್ಯೂಟಾ, ಕಮ್ಯುನಿಟಿ ಕಾಲೇಜಾ? ಎರಡೂ ಕಡೆ ಓದಿದ ಮೇಲೆ ಬರೆಯುತ್ತಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡುವ ಕೆಲಸ ಕಲಿಯಬೇಕು ಅಂತಿದ್ದರೆ ಕಮ್ಯುನಿಟಿ ಕಾಲೇಜಿಗೇ, ಅಂದರೆ ಸರ್ಕಾರಿ ನೆರವಿನಲ್ಲಿ ನಡೆಯುವ ಎರಡು ವರ್ಷದ ಸ್ಥಳೀಯ ಕಾಲೇಜಿಗೇ ಹೋಗಿ. ಸೀಟಿಗಾಗಿ ಒಂದು ವರ್ಷ ಕಾಯಬೇಕಾಗಿ ಬಂದರೂ ಕಾಯಿರಿ. ನಾನು ಕಾಯಲಿಲ್ಲ. ಖಾಸಗಿ ಇನ್‌ಸ್ಟಿಟ್ಯೂಟ್ ಒಂದಕ್ಕೆ ಸೇರಿ, ದುಡ್ಡು ಕಟ್ಟಿ, ಏಳು ತಿಂಗಳು ಓದಿ ಬಿಟ್ಟು ಬಂದೆ, ಆಮೇಲೆ ಕಮ್ಯುನಿಟಿ ಕಾಲೇಜಿನಲ್ಲಿ ಮೊದಲಿಂದ ಶುರು ಮಾಡಿ ಮುಗಿಸಿದೆ. ಇಲ್ಲಿ ಟೆಕ್ಸಾಸ್‌ನಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ತುಂಬ ಜನ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಹೇಳುವ ಬದಲು ಎಲ್ಲ ಒಂದೇ ಕಡೆ ಬರೆದಿಡೋಣ ಅನಿಸಿತು.

ಊರಲ್ಲಿ ಸ್ಕ್ಯಾನಿಂಗ್ ಅಂದರೆ ಡಾಕ್ಟರೇ ಪ್ರೋಬ್ (ಮೈ ಮೇಲೆ ಇಟ್ಟು ಆಡಿಸುವ ಉಪಕರಣ) ಹಿಡಿಯುತ್ತಾರೆ, ಅಲ್ವಾ? ಇಲ್ಲಿ ಹಾಗಲ್ಲ. ಸೋನೋಗ್ರಾಫರ್ ರೋಗಿಯ ಪಕ್ಕ ಕೂತು ಚಿತ್ರ ತೆಗೆಯುತ್ತಾರೆ, ಅಳತೆ ಹಾಕುತ್ತಾರೆ, ಕಂಡದ್ದನ್ನು ಬರೆದಿಡುತ್ತಾರೆ. ರೇಡಿಯಾಲಜಿಸ್ಟ್ ಬೇರೆಲ್ಲೋ ಕೂತು ಆ ಚಿತ್ರ ನೋಡಿ ವರದಿ ಕೊಡುತ್ತಾರೆ. ನಾವು ತೆಗೆಯದೆ ಬಿಟ್ಟದ್ದು ಅವರ ಕಣ್ಣಿಗೆ ಬೀಳುವುದೇ ಇಲ್ಲ. 2023ರ ಸರ್ಕಾರಿ ಲೆಕ್ಕದಲ್ಲಿ ಈ ಕೆಲಸದ ಮಧ್ಯದ ಸಂಬಳ ವರ್ಷಕ್ಕೆ 84,470 ಡಾಲರ್, ಅಂದರೆ ಅರ್ಧ ಜನಕ್ಕೆ ಇದಕ್ಕಿಂತ ಜಾಸ್ತಿ, ಅರ್ಧ ಜನಕ್ಕೆ ಕಡಿಮೆ. ಎರಡು ವರ್ಷದ ಓದಿಗೆ ಇಷ್ಟು ಅಂದರೆ ಯಾರಿಗಾದರೂ ಆಸೆ ಆಗುತ್ತದೆ. ನನಗೂ ಆಯಿತು.

ನಾನು ದಾವಣಗೆರೆಯಲ್ಲಿ ಬಿಎಸ್ಸಿ ಮಾಡಿದವಳು. ಡಲ್ಲಾಸ್ ಹತ್ತಿರ ಮನೆ, ಆಗ ಮಗಳಿಗೆ ನಾಲ್ಕು ವರ್ಷ, ನನ್ನದು ಎಚ್4, ಅಂದರೆ ಗಂಡನ ಕೆಲಸದ ವೀಸಾಕ್ಕೆ ಅಂಟಿಕೊಂಡ ವೀಸಾ. ಎಚ್4ನಲ್ಲಿ ಓದೋಕೆ ಬೇರೆ ವೀಸಾ ಬೇಡ, ಕೆಲಸಕ್ಕೆ ಮಾತ್ರ ಇಎಡಿ ಅನ್ನುವ ಅನುಮತಿ ಪತ್ರ ಬೇಕು. ಖಾಸಗಿ ಇನ್‌ಸ್ಟಿಟ್ಯೂಟ್‌ಗೆ ವಿಚಾರಿಸಿದ ದಿನವೇ ಮೂರು ಸಲ ಫೋನ್ ಬಂತು. ಆರು ವಾರದಲ್ಲಿ ಕ್ಲಾಸ್ ಶುರು. ಅನಾಟಮಿ, ಫಿಸಿಕ್ಸ್ ಮೊದಲೇ ಮುಗಿಸಿರಬೇಕು ಅನ್ನುವ ತಕರಾರಿಲ್ಲ. ಸಂಜೆ ಆರರಿಂದ ಹತ್ತು, ಅಷ್ಟು ಹೊತ್ತಿಗೆ ಗಂಡ ಮನೆಗೆ ಬಂದಿರುತ್ತಾರೆ. ಇದೊಂದು ನಿಜವಾಗಿಯೂ ಅನುಕೂಲ, ಇಲ್ಲ ಅನ್ನುವುದಿಲ್ಲ. ಚಿಕ್ಕ ಮಕ್ಕಳಿರುವವರಿಗೆ, ಹಗಲು ಕೆಲಸಕ್ಕೆ ಹೋಗುವವರಿಗೆ ಕಮ್ಯುನಿಟಿ ಕಾಲೇಜು ಈ ಸೌಕರ್ಯ ಕೊಡುವುದು ಅಪರೂಪ.

ಫೀಸು ಒಟ್ಟು 45 ಸಾವಿರ ಡಾಲರ್ ಹತ್ತಿರ. ಕಮ್ಯುನಿಟಿ ಕಾಲೇಜಿನಲ್ಲಿ ಅದೇ ಕೌಂಟಿಯಲ್ಲಿ ಮನೆ ಇದ್ದದ್ದರಿಂದ ನನಗೆ ಬೇಸಿಕ್ ಕೋರ್ಸ್, ಪುಸ್ತಕ, ಯೂನಿಫಾರ್ಮ್, ಪರೀಕ್ಷೆ ಫೀಸು ಎಲ್ಲ ಸೇರಿ 9 ಸಾವಿರದ ಒಳಗೆ ಮುಗಿಯಿತು.

ಆದರೆ ನಾನು ಬಿಟ್ಟು ಬಂದದ್ದು ದುಡ್ಡಿನ ಕಾರಣಕ್ಕಲ್ಲ. ಅವರು 'ನಮಗೆ ಅಕ್ರೆಡಿಟೇಶನ್ ಇದೆ' ಅಂದಿದ್ದರು, ಸುಳ್ಳಲ್ಲ, ಇನ್‌ಸ್ಟಿಟ್ಯೂಟ್‌ಗೆ ಇತ್ತು. ಆದರೆ ಸೋನೋಗ್ರಫಿ ಕೋರ್ಸಿಗೆ ಸಿಎಎಎಚ್‌ಇಪಿ ಮಾನ್ಯತೆ ಇರಲಿಲ್ಲ. ಇಂಥ ಆರೋಗ್ಯ ಕೋರ್ಸುಗಳಿಗೆ ಒಂದೊಂದಾಗಿ ಮಾನ್ಯತೆ ಕೊಡುವ ಸಂಸ್ಥೆ ಅದು. ನಮ್ಮ ಕಡೆ ಕಾಲೇಜಿಗೆ ನ್ಯಾಕ್ ಇರುವುದು ಬೇರೆ, ಅಲ್ಲಿನ ನರ್ಸಿಂಗ್ ಕೋರ್ಸಿಗೆ ನರ್ಸಿಂಗ್ ಕೌನ್ಸಿಲ್ ಒಪ್ಪಿಗೆ ಇರುವುದು ಬೇರೆ, ಹಾಗೆ. ಇದು ಯಾಕೆ ಮುಖ್ಯ ಅಂದರೆ, ಟೆಕ್ಸಾಸ್‌ನಲ್ಲಿ ಸೋನೋಗ್ರಾಫರ್‌ಗೆ ರಾಜ್ಯದ ಲೈಸೆನ್ಸ್ ಬೇಡ, ಆದರೆ ಆಸ್ಪತ್ರೆಗಳು ರಿಜಿಸ್ಟ್ರಿ, ಅಂದರೆ ಎಆರ್‌ಡಿಎಂಎಸ್ ಅನ್ನುವ ಸಂಸ್ಥೆ ನಡೆಸುವ ಅರ್ಹತಾ ಪರೀಕ್ಷೆ, ಪಾಸಾಗಿದ್ದೀರಾ ಅಂತ ಮೊದಲು ಕೇಳುತ್ತವೆ. ಆ ಪರೀಕ್ಷೆ ಎರಡು ಭಾಗ. ಒಂದು ಎಸ್‌ಪಿಐ, ಅಂದರೆ ಫಿಸಿಕ್ಸ್: 110 ಪ್ರಶ್ನೆ, ಎರಡು ಗಂಟೆ, 700ಕ್ಕೆ 555 ಬರಬೇಕು. ಇನ್ನೊಂದು ಹೊಟ್ಟೆಯದೋ, ಗರ್ಭದ್ದೋ, ಹೃದಯದ್ದೋ, ನೀವು ಆರಿಸಿಕೊಂಡ ವಿಭಾಗ. ಮಾನ್ಯತೆ ಇರುವ ಕೋರ್ಸ್ ಓದಿದರೆ ನೇರವಾಗಿ ಬರೆಯಬಹುದು. ಇಲ್ಲದಿದ್ದರೆ ಹನ್ನೆರಡು ತಿಂಗಳು ಪೂರ್ಣಾವಧಿ ಸ್ಕ್ಯಾನಿಂಗ್ ಅನುಭವ ತೋರಿಸಬೇಕು, ಲೆಕ್ಕಕ್ಕೆ 1,680 ಗಂಟೆ. ಡಿಗ್ರಿ ಇದ್ದವರೂ ತೋರಿಸಬೇಕು. 'ನಿಮಗೆ ಹೇಗೂ ಬಿಎಸ್ಸಿ ಇದೆಯಲ್ಲ' ಅಂತ ಕೌನ್ಸೆಲರ್ ಧೈರ್ಯ ಹೇಳಿದ್ದರು, ಈ ಗಂಟೆಗಳ ಮಾತು ಮಾತ್ರ ಬಾಯಿಂದ ಬರಲಿಲ್ಲ. ರಿಜಿಸ್ಟ್ರಿ ಇಲ್ಲದೆ ಯಾರು ಕೆಲಸ ಕೊಡುತ್ತಾರೆ? ಕೆಲಸ ಇಲ್ಲದೆ ಗಂಟೆ ಎಲ್ಲಿಂದ ಬರುತ್ತದೆ? ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತಾರಲ್ಲ, ಅದೇ ಕಥೆ. ಓದು ಮುಗಿಸಿ ಒಂಬತ್ತು ತಿಂಗಳಿಂದ ಕ್ಲಿನಿಕ್ ಹುಡುಕುತ್ತಿದ್ದ ಸೀನಿಯರ್ ಒಬ್ಬಳು ಪಾರ್ಕಿಂಗ್ ಲಾಟ್‌ನಲ್ಲಿ ನಿಂತು ಅತ್ತಳು. ನಾನು ಅವತ್ತು ರಾತ್ರಿಯೇ ಗಂಡನ ಹತ್ತಿರ ಕೂತು ಮಾತಾಡಿದೆ. ಏಳು ತಿಂಗಳ ಕ್ರೆಡಿಟ್ಟಿನಲ್ಲಿ ಒಂದನ್ನೂ ಕಮ್ಯುನಿಟಿ ಕಾಲೇಜು ತೆಗೆದುಕೊಳ್ಳಲಿಲ್ಲ.

ಪಾಠದ ವ್ಯತ್ಯಾಸಕ್ಕೆ ಒಂದು ಉದಾಹರಣೆ ಹೇಳುತ್ತೇನೆ. ಶಬ್ದ ನಮ್ಮ ದೇಹದ ಮೆತ್ತನೆಯ ಭಾಗದಲ್ಲಿ ಸೆಕೆಂಡಿಗೆ 1,540 ಮೀಟರ್ ಹೋಗುತ್ತದೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ವಾಪಸ್ ಬರೋಕೆ 13 ಮೈಕ್ರೋಸೆಕೆಂಡ್. ಖಾಸಗಿಯಲ್ಲಿ ಇದು ಸ್ಲೈಡಿನಲ್ಲಿ ಬಂತು, ಬಾಯಿಪಾಠ ಮಾಡಿದೆವು. ಕಮ್ಯುನಿಟಿ ಕಾಲೇಜಿನ ಮೇಷ್ಟ್ರು ಒಬ್ಬ ಹುಡುಗನನ್ನು ಮಲಗಿಸಿ ಅವನ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ತೋರಿಸಿದರು. 8 ಸೆಂಟಿಮೀಟರ್ ಆಳದಲ್ಲಿ ಅದು ನೀಟಾಗಿ ಮಿಡಿಯುತ್ತಿತ್ತು. ಡೆಪ್ತ್ ಗುಂಡಿ ತಿರುಗಿಸಿ 20ಕ್ಕೆ ತಂದರು. ಪರದೆಯ ಮೂಲೆಯಲ್ಲಿ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವ ಅಂಕಿ, ಇಳಿಯುತ್ತಾ ಬಂತು, ಮಿಡಿತ ತಡವರಿಸಿದ ಹಾಗೆ ಕಂಡಿತು. ಆಳ ಜಾಸ್ತಿ ಆದಷ್ಟೂ ಮೆಷಿನ್ ಚಿತ್ರದ ಪ್ರತಿ ಗೆರೆಗೂ ಶಬ್ದ ವಾಪಸ್ ಬರುವ ತನಕ ಹೆಚ್ಚು ಹೊತ್ತು ಕಾಯಬೇಕು, ಅದಕ್ಕೇ ಚಿತ್ರ ನಿಧಾನ. ಆಮೇಲೆ ನಾನು ಆ ಸೂತ್ರ ಬಾಯಿಪಾಠ ಮಾಡಲೇ ಇಲ್ಲ, ಎಸ್‌ಪಿಐನಲ್ಲಿ ಅದು ತಾನೇ ನೆನಪಿಗೆ ಬಂತು.

ಲ್ಯಾಬ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಖಾಸಗಿಯಲ್ಲಿ ಇಪ್ಪತ್ತೆರಡು ಜನಕ್ಕೆ ನಾಲ್ಕು ಮೆಷಿನ್, ಅದರಲ್ಲಿ ಒಂದು ಯಾವಾಗಲೂ ಕೆಟ್ಟಿರುತ್ತಿತ್ತು. ಕಮ್ಯುನಿಟಿ ಕಾಲೇಜಿನಲ್ಲಿ ಹದಿನಾಲ್ಕು ಜನಕ್ಕೆ ಆರು.

ಕ್ಲಿನಿಕಲ್ಸ್, ಅಂದರೆ ಆಸ್ಪತ್ರೆಯಲ್ಲಿ ನಿಜವಾದ ರೋಗಿಗಳ ಜೊತೆ ಕಲಿಯುವುದರ ಬಗ್ಗೆ ಮಾತ್ರ ಬೇಗ ಮುಗಿಸೋಕೆ ಆಗುವುದಿಲ್ಲ. ಲ್ಯಾಬಿನಲ್ಲಿ ನಾವು ಒಬ್ಬರ ಹೊಟ್ಟೆ ಒಬ್ಬರು ಸ್ಕ್ಯಾನ್ ಮಾಡುತ್ತಿದ್ದೆವು, ಎಲ್ಲರೂ ಆರೋಗ್ಯವಾಗಿದ್ದವರು. ಖಾಸಗಿಯಲ್ಲಿ ಏಳು ತಿಂಗಳು ಇದ್ದು ನಾನು ಒಂದು ಪಿತ್ತಕೋಶದ ಕಲ್ಲನ್ನೂ ನೋಡಿರಲಿಲ್ಲ. ಕಮ್ಯುನಿಟಿ ಕಾಲೇಜಿನವರೇ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಂಡಿರುತ್ತಾರೆ. ವಾರಕ್ಕೆ ಮೂರು ದಿನ, ದಿನಕ್ಕೆ ಎಂಟು ಗಂಟೆ, ಬೇರೆ ಬೇರೆ ಐದು ಕಡೆ ಹೋದೆ. ಎರಡನೇ ವಾರದಲ್ಲಿ ವಯಸ್ಸಾದ ಹೆಂಗಸೊಬ್ಬರು ಬಲ ಪಕ್ಕೆ ನೋವು ಅಂತ ಬಂದರು. ಯಕೃತ್ತಿನ ಬಾಗಿಲಲ್ಲಿ ಪಿತ್ತನಾಳದ ಅಳತೆ ತೆಗೆಯಬೇಕು. ಅಲ್ಲಿ ಮೂರು ಕೊಳವೆ ಒಟ್ಟಿಗೆ ಇರುತ್ತವೆ, ಅಡ್ಡ ನೋಡಿದರೆ ಮಿಕ್ಕಿ ಮೌಸ್ ತಲೆಯ ಹಾಗೆ: ಮುಖ ಪೋರ್ಟಲ್ ವೇನ್, ಒಂದು ಕಿವಿ ಅಪಧಮನಿ, ಇನ್ನೊಂದು ಕಿವಿ ಪಿತ್ತನಾಳ. ಪುಸ್ತಕದಲ್ಲಿ ನೂರು ಸಲ ನೋಡಿದ್ದೆ. ಪರದೆಯಲ್ಲಿ ಬರೀ ಬೂದು ಬಣ್ಣ ಕಾಣುತ್ತಿತ್ತು. ನನಗೆ ಕಲಿಸುತ್ತಿದ್ದ ಸೋನೋಗ್ರಾಫರ್ ಆ ಹೆಂಗಸನ್ನು ಎಡ ಮಗ್ಗುಲಿಗೆ ತಿರುಗಿಸಿ, ಉಸಿರು ಒಳಗೆಳೆದು ಹಿಡಿದುಕೊಳ್ಳಿ ಅಂದು, ನನ್ನ ಕೈ ಮೇಲೆ ತಮ್ಮ ಕೈ ಇಟ್ಟು ಪ್ರೋಬನ್ನು ಒಂದೇ ಒಂದು ಕೂದಲೆಳೆಯಷ್ಟು ವಾಲಿಸಿದರು. ಯಕೃತ್ತು ಪಕ್ಕೆಲುಬಿನ ಕೆಳಗಿಂದ ಜಾರಿ ಇಳಿಯಿತು, ಎರಡು ಕಿವಿ ಕಂಡವು. ರಕ್ತ ಹರಿಯುವ ಕಡೆ ಬಣ್ಣ ತೋರಿಸುವ ಕಲರ್ ಡಾಪ್ಲರ್ ಹಾಕಿದಾಗ ಒಂದು ಕಿವಿಗೆ ಬಣ್ಣ ತುಂಬಿತು, ಇನ್ನೊಂದು ಕಪ್ಪಾಗೇ ಉಳಿಯಿತು. ಕಪ್ಪಾಗಿ ಉಳಿದದ್ದೇ ಪಿತ್ತನಾಳ. ಸಾಮಾನ್ಯವಾಗಿ 6 ಮಿಲಿಮೀಟರ್ ಒಳಗಿರಬೇಕಾದದ್ದು ಅವತ್ತು 11 ಇತ್ತು. ಆ ವಾಲಿಸುವಿಕೆ ಯಾವ ವಿಡಿಯೋ ನೋಡಿಯೂ ಬರುವುದಿಲ್ಲ. ಪಕ್ಕದಲ್ಲಿ ಒಬ್ಬರು ಇರಲೇಬೇಕು.

ಗರ್ಭಿಣಿಯರ ಸ್ಕ್ಯಾನಿಂಗ್‌ನಲ್ಲಿ ನನಗೆ ಬೇರೆಯದೇ ಕಷ್ಟ ಆಯಿತು. ನಮ್ಮಲ್ಲಿ 1994ರ ಕಾಯ್ದೆ ಇದೆ, ಪ್ರತಿ ಸ್ಕ್ಯಾನಿಂಗ್ ಸೆಂಟರ್‌ನಲ್ಲೂ ಲಿಂಗ ಪತ್ತೆ ಮಾಡುವುದಿಲ್ಲ ಅನ್ನುವ ಬೋರ್ಡ್ ನೋಡಿಕೊಂಡೇ ಬೆಳೆದವಳು ನಾನು. ಇಲ್ಲಿ ಅಪ್ಪ ಅಮ್ಮ ಮೊಬೈಲ್ ಹಿಡಿದು, ಗಂಡೋ ಹೆಣ್ಣೋ ಹೇಳಿ ಅಂತ ನಗುತ್ತಾ ಕಾಯುತ್ತಿರುತ್ತಾರೆ. ಮೊದಲ ಸಲ ನನ್ನ ಬಾಯಿಂದ ಮಾತೇ ಹೊರಡಲಿಲ್ಲ, ಪಕ್ಕದವರೇ ಹೇಳಿದರು. ಹುಡುಗಿ ಅಂದ ತಕ್ಷಣ ಆ ಅಪ್ಪ ಎದ್ದು ನಿಂತು ಹೆಂಡತಿಯ ಹಣೆಗೆ ಮುತ್ತಿಟ್ಟರು. ಅವತ್ತು ಮನೆಗೆ ಕಾರು ಓಡಿಸಿಕೊಂಡು ಬರುವಾಗ ಕಣ್ಣು ತುಂಬಿ ಬಂದಿತ್ತು.

ಈಗ ಕಮ್ಯುನಿಟಿ ಕಾಲೇಜಿನ ಕಷ್ಟಗಳು. ಸೀಟು ಹದಿನಾಲ್ಕು, ಅರ್ಜಿ ನೂರಕ್ಕೂ ಜಾಸ್ತಿ. ಅಂಕದ ಮೇಲೆ ಆಯ್ಕೆ. ಅನಾಟಮಿ ಮೊದಲ ಭಾಗದಲ್ಲಿ ನನಗೆ ಬಿ ಬಂದಿದ್ದರಿಂದ ಮೊದಲ ವರ್ಷ ಸೀಟು ಸಿಗಲಿಲ್ಲ, ಎರಡನೇ ಭಾಗದಲ್ಲಿ ಎ ತೆಗೆದು, ಹೆಸಿ ಅನ್ನುವ ಪ್ರವೇಶ ಪರೀಕ್ಷೆ ಮತ್ತೆ ಬರೆದು, ಮರುವರ್ಷ ಸೇರಿದೆ. ನಮ್ಮ ಊರಿನ ಡಿಗ್ರಿಯನ್ನು ಒಂದೊಂದು ವಿಷಯವಾಗಿ ಮೌಲ್ಯಮಾಪನ ಮಾಡಿಸಬೇಕು, ಮಾಡಿಸಿದರೂ ಹಳೆಯ ಬಯಾಲಜಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕ್ಲಾಸೆಲ್ಲ ಹಗಲು, ಕ್ಲಿನಿಕಲ್ಸ್ ಬೆಳಿಗ್ಗೆ ಏಳಕ್ಕೆ, ಒಂದು ಆಸ್ಪತ್ರೆ ಐವತ್ತು ಮೈಲಿ ದೂರ, ಸಂಬಳ ಇಲ್ಲ. ಅತ್ತೆ ಬಂದು ಆರು ತಿಂಗಳು ನಿಲ್ಲದಿದ್ದರೆ ನನ್ನಿಂದ ಆಗುತ್ತಲೇ ಇರಲಿಲ್ಲ. ಭುಜದ ನೋವು ಓದುವಾಗಲೇ ಶುರುವಾಗುತ್ತದೆ, ತೋಳು ದೂರ ಚಾಚಿ ಒತ್ತಬೇಡಿ, ರೋಗಿಯನ್ನು ನಿಮ್ಮ ಹತ್ತಿರಕ್ಕೆ ಸರಿಸಿಕೊಳ್ಳಿ.

ಒಂದು ಸಣ್ಣ ವಿಷಯ, ಇದನ್ನು ಯಾರೂ ಹೇಳುವುದಿಲ್ಲ. ಕ್ಲಿನಿಕಲ್ಸ್‌ಗೆ ಹೋಗುವ ಮುಂಚೆ ಟಿಬಿ ಪರೀಕ್ಷೆ ಮಾಡಿಸಬೇಕು, ಚಿಕ್ಕಂದಿನಲ್ಲಿ ಬಿಸಿಜಿ (ಟಿಬಿ ಲಸಿಕೆ) ಚುಚ್ಚಿಸಿಕೊಂಡವರಿಗೆ ಸ್ಕಿನ್ ಟೆಸ್ಟ್ ಸುಮ್ನೆ ಪಾಸಿಟಿವ್ ಬರಬಹುದು. ನನ್ನ ತೋಳು ಊದಿಕೊಂಡು ಎಕ್ಸ್‌ರೇ ತನಕ ಹೋಯಿತು. ಮೊದಲೇ ಕ್ವಾಂಟಿಫೆರಾನ್ ರಕ್ತ ಪರೀಕ್ಷೆ ಕೇಳಿ, ಬಿಸಿಜಿಯಿಂದ ಅದಕ್ಕೆ ತೊಂದರೆ ಇಲ್ಲ.

ಆಸ್ಪತ್ರೆಗಳೇ ನಡೆಸುವ ಸರ್ಟಿಫಿಕೇಟ್ ಕೋರ್ಸ್ ಮೂರನೇ ದಾರಿ. ಈಗಾಗಲೇ ಎಕ್ಸ್‌ರೇ ಟೆಕ್ನಿಷಿಯನ್ ಆಗಿರುವವರಿಗೆ ಅದು ಒಳ್ಳೆಯದು, ನನ್ನಂಥವರಿಗೆ ಬಾಗಿಲು ತೆರೆಯುವುದು ಕಷ್ಟ.

ಎಲ್ಲಿಗೇ ಹೋಗಿ, ಸಿಎಎಎಚ್‌ಇಪಿ ವೆಬ್‌ಸೈಟಿನಲ್ಲಿ ಕೋರ್ಸಿನ ಹೆಸರು ನೀವೇ ಹುಡುಕಿ. ಒಂದೇ ಕಾಲೇಜಿನಲ್ಲಿ ಹೊಟ್ಟೆಯ ವಿಭಾಗಕ್ಕೆ ಮಾನ್ಯತೆ ಇದ್ದು ಹೃದಯದ್ದಕ್ಕೆ ಇಲ್ಲದೆಯೂ ಇರಬಹುದು. ಇನ್ನು, ಮೂರ್ನಾಲ್ಕು ವರ್ಷದಲ್ಲಿ ಊರಿಗೆ ವಾಪಸ್ ಹೋಗುವ ಯೋಚನೆ ಇದ್ದರೆ ಈ ಯಾವ ದಾರಿಯೂ ಬೇಡ. ಅಲ್ಲಿ ಗರ್ಭಿಣಿಯರ ಸ್ಕ್ಯಾನ್ ಮಾಡಲು ಕಾನೂನು ಪ್ರಕಾರ ಡಾಕ್ಟರೇ ಆಗಿರಬೇಕು, ಇಲ್ಲಿನ ರಿಜಿಸ್ಟ್ರಿ ಕಾರ್ಡ್ ತೋರಿಸಿ ದಾವಣಗೆರೆಯಲ್ಲಿ ನಾನು ಪ್ರೋಬ್ ಮುಟ್ಟುವ ಹಾಗಿಲ್ಲ.