ಸೆವೆನ್ ಜಿ-ಟ್ರಾನಿಕ್: ಗೇರ್‌ಗಳನ್ನು ನಂಬಿ, ಮಾಡ್ಯೂಲ್ ಚೆಕ್ ಮಾಡಿಸಿ

"ಸೆಕೆಂಡ್ ಹ್ಯಾಂಡ್ ಮರ್ಸಿಡಿಸ್ ಒಂದು ನೋಡಿಟ್ಟಿದ್ದೀನಿ, ಗೇರ್‌ಬಾಕ್ಸ್ ನಂಬಬಹುದಾ ಅಣ್ಣಾ?" ಅಂತ ಕೇಳಿಕೊಂಡು ಬರುವವರು ಈಗ ಜಾಸ್ತಿ. ಹಳೆಯ ಇ-ಕ್ಲಾಸ್, ಎಸ್-ಕ್ಲಾಸ್‌ಗಳು ಹೊಸ ಸಣ್ಣ ಕಾರಿನ ರೇಟಿಗೆ ಸಿಗುತ್ತಿವೆ, ಆಸೆ ಆಗುವುದು ಸಹಜ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟುವುದೇ ನನ್ನ ಕಸುಬು. ಆ ಗಾಡಿಗಳಲ್ಲಿ ಬರುವ ಸೆವೆನ್ ಜಿ-ಟ್ರಾನಿಕ್ ಬಗ್ಗೆ ನನಗೆ ಅನಿಸಿದ್ದನ್ನು ಬರೆಯುತ್ತಿದ್ದೇನೆ.

ಇದು ಬಂದಿದ್ದು 2003ರಲ್ಲಿ. ಗ್ಯಾರೇಜುಗಳಲ್ಲಿ ಇದನ್ನು 722.9 ಅಂತಲೇ ಕರೆಯುತ್ತೇವೆ. ಮುಂದಕ್ಕೆ ಏಳು ಗೇರ್, ಹಿಂದಕ್ಕೆ ಎರಡು. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡು, ಸ್ವಲ್ಪ ಜಾಗ ಸಿಕ್ಕಿದ ಕೂಡಲೇ ಆಕ್ಸಿಲರೇಟರ್ ಒತ್ತಿ ನೋಡಿ. ಎರಡು ಗೇರ್ ಇಳಿದದ್ದೇ ಗೊತ್ತಾಗುವುದಿಲ್ಲ, ಗಾಡಿ ಮುಂದೆ ಹೋಗಿರುತ್ತದೆ. ಆಯಿಲ್ ಸರಿಯಾಗಿ ಬದಲಿಸುತ್ತಾ ಬಂದರೆ ಒಳಗಿನ ಗೇರ್‌ಗಳು, ಕ್ಲಚ್ ಪ್ಲೇಟುಗಳು ತುಂಬಾ ವರ್ಷ ಬಾಳುತ್ತವೆ. ಈ ಕೆಲಸಗಾರಿಕೆಯ ಬಗ್ಗೆ ನನಗೆ ನಿಜಕ್ಕೂ ಗೌರವ ಇದೆ.

ತೊಂದರೆ ಇರುವುದು ಕಂಟ್ರೋಲ್ ಮಾಡ್ಯೂಲ್‌ನಲ್ಲಿ, ಅಂದರೆ ಯಾವಾಗ ಯಾವ ಗೇರ್ ಅಂತ ತೀರ್ಮಾನಿಸುವ ಕಂಪ್ಯೂಟರಿನಲ್ಲಿ. ಇದಕ್ಕಿಂತ ಮೊದಲು ಬಂದ ಐದು ಗೇರಿನ 722.6ರಲ್ಲಿ ಕಂಪ್ಯೂಟರ್ ಗೇರ್‌ಬಾಕ್ಸಿನ ಹೊರಗೆ ಇತ್ತು. ಒಳಗೆ ಇದ್ದದ್ದು ಒಂದು ಪ್ಲೇಟ್ ಮತ್ತು ಸೆನ್ಸರ್‌ಗಳು ಮಾತ್ರ. 722.9ರಲ್ಲಿ ಕಂಪ್ಯೂಟರನ್ನೇ ಒಳಗೆ, ವಾಲ್ವ್ ಬಾಡಿಯ (ಗೇರ್ ಬದಲಿಸಲು ಆಯಿಲನ್ನು ಬೇಕಾದ ಕಡೆ ಕಳಿಸುವ ಭಾಗ) ಮೇಲೆ ಕೂರಿಸಿದರು. ವೈರಿಂಗ್ ಕಡಿಮೆ ಆಯಿತು, ಮಾಡ್ಯೂಲ್ ಮತ್ತು ವಾಲ್ವ್ ಬಾಡಿ ಎರಡೂ ಒಂದೇ ಸೆಟ್ ಆದವು. ಯೋಚನೆ ಚೆನ್ನಾಗಿಯೇ ಇದೆ. ಆದರೆ ಆ ಎಲೆಕ್ಟ್ರಾನಿಕ್ಸ್ ದಿನಾ ಬಿಸಿ ಆಯಿಲ್‌ನಲ್ಲಿ ಕಾಯಬೇಕು, ರಾತ್ರಿ ತಣ್ಣಗಾಗಬೇಕು. ವರ್ಷಗಟ್ಟಲೆ ಹೀಗೇ ನಡೆದರೆ, ಒಳಗಿನ ಭಾಗಗಳು ತಿರುಗುವ ವೇಗ ಅಳೆಯುವ ಸ್ಪೀಡ್ ಸೆನ್ಸರ್‌ಗಳು ಸೋಲುತ್ತವೆ. ಮೂರು ಸೆನ್ಸರ್‌ಗಳೂ ಆ ಮಾಡ್ಯೂಲಿನಲ್ಲೇ ಸೇರಿಕೊಂಡಿವೆ. ಒಂದು ಕೆಟ್ಟರೂ ಕಂಪನಿಯಿಂದ ಬಿಡಿಯಾಗಿ ಸಿಗುವುದಿಲ್ಲ, ಇಡೀ ಮಾಡ್ಯೂಲ್ ತಗೋಬೇಕು. ನನಗೆ ಬೇಜಾರು ಇರುವುದು ಇದೇ ವಿಷಯದಲ್ಲಿ. ಇಷ್ಟು ಗಟ್ಟಿ ಗೇರ್‌ಬಾಕ್ಸ್‌ಗೆ ಸೆನ್ಸರ್ ಬಿಡಿಯಾಗಿ ಕೊಡಬಹುದಿತ್ತು ಅಲ್ವಾ?

ಕೆಡುವಾಗ ಅದು ತೋರಿಸುವ ಲಕ್ಷಣ ಹೀಗೆ. ಗಾಡಿ ಬಿಸಿ ಆದ ಮೇಲೆ ಇದ್ದಕ್ಕಿದ್ದಂತೆ ಒಂದೇ ಗೇರಿನಲ್ಲಿ ನಿಂತುಬಿಡುತ್ತದೆ. ಪಿಕಪ್ ಇರುವುದಿಲ್ಲ. ಇಂಜಿನ್ ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಮತ್ತೆ ಅದೇ ಕಥೆ. ಸ್ಕ್ಯಾನರ್ ಹಾಕಿದರೆ P0717, P0722 ತರಹದ ಕೋಡ್ ಬರುತ್ತದೆ. ಮೊದಲನೆಯದು ಒಳಬರುವ ಕಡೆಯ ಸ್ಪೀಡ್ ಸಿಗ್ನಲ್ ಇಲ್ಲ ಅಂತ, ಎರಡನೆಯದು ಹೊರಹೋಗುವ ಕಡೆಯದ್ದು ಇಲ್ಲ ಅಂತ. ಇಷ್ಟಕ್ಕೇ "ಗೇರ್‌ಬಾಕ್ಸ್ ಹೋಯ್ತು, ಪೂರ್ತಿ ಬದಲಿಸಬೇಕು" ಅನ್ನುವ ಗ್ಯಾರೇಜುಗಳಿವೆ. ದಯವಿಟ್ಟು ಅಲ್ಲಿಂದ ಗಾಡಿ ಹೊರಗೆ ತನ್ನಿ. ಲೋಹದ ಪುಡಿ ಇದೆಯಾ ಅಂತ ಚೇಂಬರ್ (ಗೇರ್‌ಬಾಕ್ಸಿನ ಕೆಳಗಿನ ಆಯಿಲ್ ತಟ್ಟೆ) ಬಿಚ್ಚಿ ನೋಡದೆ ಯಾರೂ ಆ ಮಾತು ಹೇಳಬಾರದು.

ಮಾಡ್ಯೂಲ್ ತೆಗೆಯಲು ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ. ಗಾಡಿ ಲಿಫ್ಟ್ ಮೇಲಿದ್ದರೆ ಸಾಕು. ಆಯಿಲ್ ಇಳಿಸಿ, ಚೇಂಬರ್ ಬಿಚ್ಚಿ, ಫಿಲ್ಟರ್ ಎಳೆದರೆ ವಾಲ್ವ್ ಬಾಡಿ ಕಾಣುತ್ತದೆ. ಪಕ್ಕದಲ್ಲಿ ವೈರಿಂಗ್ ಪ್ಲಗ್ ಕೂರುವ ಬುಷ್ ಇದೆ, ಅದನ್ನು ಮೊದಲು ಹೊರಗೆಳೆಯಬೇಕು. ಅವಸರದಲ್ಲಿ ವಾಲ್ವ್ ಬಾಡಿ ಇಳಿಸಿದರೆ ಮಾಡ್ಯೂಲಿನ ಸಾಕೆಟ್ ಮುರಿಯುತ್ತದೆ. ಸೊಲೆನಾಯ್ಡ್‌ಗಳನ್ನು (ಕರೆಂಟಿನಿಂದ ಓಡುವ ಆಯಿಲ್ ವಾಲ್ವ್‌ಗಳು) ಬಿಚ್ಚಿದ ಜಾಗಕ್ಕೇ ವಾಪಸ್ ಹಾಕಬೇಕು, ಅದಲು ಬದಲು ಆದರೆ ಶಿಫ್ಟಿಂಗ್‌ನಲ್ಲಿ ಜರ್ಕ್ ಶುರುವಾಗುತ್ತದೆ. ನಾನು ಒಂದು ಟ್ರೇಯಲ್ಲಿ ನಂಬರ್ ಬರೆದು ಸಾಲಾಗಿ ಇಡುತ್ತೇನೆ.

ಮುಂದೆ ಮೂರು ದಾರಿ. ಹೊಸ ಮಾಡ್ಯೂಲ್ ಹಾಕಿಸಿ ಆನ್‌ಲೈನ್‌ನಲ್ಲಿ ಕೋಡಿಂಗ್ (ನಿಮ್ಮ ಗಾಡಿಯ ಡೇಟಾ ಅದಕ್ಕೆ ತುಂಬುವುದು) ಮಾಡಿಸುವುದು ನಿಶ್ಚಿಂತೆಯ ದಾರಿ, ಆದರೆ ದುಬಾರಿ. ಗುಜರಿಯಿಂದ ಹಳೆಯದನ್ನು ತಂದು ಸುಮ್ನೆ ಕೂರಿಸಿದರೆ ಆಗುವುದಿಲ್ಲ. ಕಳ್ಳತನ ತಡೆಯಲೆಂದು ಮಾಡ್ಯೂಲನ್ನು ಅದರ ಮೂಲ ಗಾಡಿಗೇ ಲಾಕ್ ಮಾಡಿರುತ್ತಾರೆ. ಮೂರನೆಯದು ಬೆಂಚ್ ರಿಪೇರಿ: ನಿಮ್ಮದೇ ಮಾಡ್ಯೂಲಿನಲ್ಲಿ ಕೆಟ್ಟ ಸೆನ್ಸರ್ ಮಾತ್ರ ಬದಲಿಸುವುದು. ಡೇಟಾ ನಿಮ್ಮದೇ ಇರುವುದರಿಂದ ಕೋಡಿಂಗ್ ತಲೆನೋವು ಇಲ್ಲ. ನನ್ನ ಓಟು ಇದಕ್ಕೇ. ಒಂದೇ ಷರತ್ತು, ರಿಪೇರಿ ಮಾಡಿದವರು ಮಾಡ್ಯೂಲನ್ನು ಬಿಸಿ ಮಾಡಿ ಟೆಸ್ಟ್ ಮಾಡಿ ಕೊಡಬೇಕು. ತಣ್ಣಗಿದ್ದಾಗ ಎಲ್ಲವೂ ಪಾಸ್ ಆಗುತ್ತದೆ.

ಆಯಿಲ್ ವಿಷಯ ಒಂದು ಇದೆ. ಈ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ ಇಲ್ಲ. ಆಯಿಲ್ 45 ಡಿಗ್ರಿಗೆ ಬಂದಾಗ, ಇಂಜಿನ್ ಓಡುತ್ತಿರುವಾಗಲೇ ಲೆವೆಲ್ ನೋಡಬೇಕು. ಕಣ್ಣಂದಾಜಿನಲ್ಲಿ ತುಂಬಿಸುವವರ ಕೈಗೆ ಕೊಡಬೇಡಿ.

ಒಟ್ಟು ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದದ್ದು ಮಾಡ್ಯೂಲಿಗೆ. ಕೊಳ್ಳುವ ಮುಂಚೆ ಗಾಡಿಯನ್ನು ಕನಿಷ್ಠ ಒಂದು ಗಂಟೆ, ಆಯಿಲ್ ಚೆನ್ನಾಗಿ ಕಾಯುವವರೆಗೆ ಓಡಿಸಿ. ಆಮೇಲೆ ಇಂಜಿನ್ ಆಫ್ ಮಾಡದೆ ಸ್ಕ್ಯಾನರ್ ಹಾಕಿಸಿ, ಮೂರೂ ಸೆನ್ಸರಿನ ಲೈವ್ ರೀಡಿಂಗ್ ನೋಡಿ. ಒಂದರ ನಂಬರ್ ನಡುವೆ ನಡುವೆ ಸೊನ್ನೆಗೆ ಬಿದ್ದು ಏಳುತ್ತಿದ್ದರೆ ಮಾಡ್ಯೂಲ್ ಖರ್ಚನ್ನು ಗಾಡಿ ರೇಟಿನಲ್ಲಿ ಕಳೆದೇ ಮಾತಾಡಿ. ಮಾರುವವರು ಅಷ್ಟು ಹೊತ್ತು ಓಡಿಸಲು ಬಿಡದಿದ್ದರೆ ಬೇರೆ ಗಾಡಿ ನೋಡಿ.